ಒಣಬೇಸಾಯದ ಊರಿಗೆ ಹವಾಮಾನ ನಿಧಿ: ಸಂಘದ ಅರ್ಜಿ ಹೇಗಿರಬೇಕು?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಈ ವಲಯದ ವಾರ್ಷಿಕ ಸರಾಸರಿ ಮಳೆ ಸುಮಾರು 455 ರಿಂದ 717 ಮಿಲಿಮೀಟರ್. ಇದರಲ್ಲಿ ಕೆಳಗಿನ ಅಂಚಿನ ಮಳೆ ಪಡೆಯುವವು ಈ ಎರಡು ತಾಲ್ಲೂಕುಗಳು. ಮರಳು ಮಿಶ್ರಿತ ಕೆಂಪು ಭೂಮಿ, ಮಳೆಯನ್ನೇ ನಂಬಿದ ಶೇಂಗಾ ಬೆಳೆ, ಕಾವಲುಗಳನ್ನು ನಂಬಿದ ಕುರಿ ಮತ್ತು ದನ ಇಲ್ಲಿಯ ಬದುಕಿನ ಆಧಾರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟಾಗ ಈ ಎರಡೂ ಆ ಪಟ್ಟಿಯಲ್ಲಿದ್ದವು.

ಇತ್ತೀಚಿನ ವರ್ಷಗಳಲ್ಲಿ ಹವಾಮಾನ ಬದಲಾವಣೆಯನ್ನು ಎದುರಿಸುವ ಕೆಲಸಗಳಿಗೆಂದು ಹಲವು ಕಡೆಗಳಿಂದ ಅನುದಾನ ದೊರೆಯುತ್ತಿದೆ. ಬದು, ಕಂದಕ, ಕೃಷಿ ಹೊಂಡ, ಗೋಕಟ್ಟೆ, ಮೇವಿನ ತಾಣ, ಮರ ಬೆಳೆಸುವುದು ಮುಂತಾದವು ಈ ಕೆಲಸಗಳಲ್ಲಿ ಸೇರುತ್ತವೆ. ಆದರೆ ಈ ಹಣ ಒಬ್ಬೊಬ್ಬ ರೈತನ ಕೈಗೆ ಬರುವುದಿಲ್ಲ. ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಘ ಅಥವಾ ಸ್ವಯಂಸೇವಾ ಸಂಸ್ಥೆಯ ಮೂಲಕ ಬರುತ್ತದೆ. ಅದಕ್ಕೆ ಅರ್ಜಿ ಬರೆಯಬೇಕು. ಅರ್ಜಿ ಬರೆಯಲು ಬಾರದೆಂದು ಒಳ್ಳೆಯ ಸಂಘಗಳು ಹಿಂದೆ ಉಳಿಯುವುದೂ, ಬರೆಯಲು ಮಾತ್ರ ಬಲ್ಲವರು ಹಣ ತಂದು ಎರಡು ವರ್ಷದಲ್ಲಿ ಕೆಲಸ ಕೈಬಿಡುವುದೂ ಉಂಟು. ಇವೆರಡೂ ತಪ್ಪಬೇಕಾದರೆ ರೈತರೇ ಈ ವಿಷಯವನ್ನು ತಿಳಿದುಕೊಳ್ಳುವುದು ಅಗತ್ಯ.

ಅನುದಾನವೆಂದರೆ ಏನು?

ಅನುದಾನ ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ. ಹಾಗೆಂದು ಅದು ದಾನವೂ ಅಲ್ಲ. ಇಂಥ ಕೆಲಸವನ್ನು ಇಷ್ಟು ಕಾಲದಲ್ಲಿ ಮಾಡಿ ಲೆಕ್ಕ ಒಪ್ಪಿಸುತ್ತೇವೆ ಎಂಬ ಕರಾರಿನ ಮೇಲೆ ಅದನ್ನು ಕಂತುಗಳಲ್ಲಿ ಕೊಡಲಾಗುತ್ತದೆ. ಮೊದಲ ಕಂತಿನ ಬಳಕೆ ಪ್ರಮಾಣ ಪತ್ರ ಸಲ್ಲಿಸದೆ ಎರಡನೆಯ ಕಂತು ಬರುವುದಿಲ್ಲ.

ಈ ತತ್ವ ನಮ್ಮ ಸೀಮೆಗೆ ಹೊಸದಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಸುತ್ತಿನ ಕೆರೆಗಳನ್ನು ಕಟ್ಟಿಸಿದರೆಂದೂ, ಕೆಲಸಕ್ಕೆ ಬಂದವರಿಗೆ ಅವರವರು ಮಾಡಿದಷ್ಟಕ್ಕೆ ತಕ್ಕ ಕೂಲಿ ದೊರೆಯುತ್ತಿತ್ತೆಂದೂ ಜನ ನಂಬಿಕೊಂಡು ಬಂದಿದ್ದಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಇಲ್ಲಿ ಮನೆಮಾತು. ಅನುದಾನದ ನಿಯಮವೂ ಇದೇ.

ಸುಜಲ ಯೋಜನೆಯ ಪಾಠ

ವಿಶ್ವ ಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳ 77 ಉಪ ಜಲಾನಯನಗಳಲ್ಲಿ ನಡೆಯಿತು. ಅದರಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಕ್ರಿಯಾಯೋಜನೆಯನ್ನು ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಹಳ್ಳಿಯವರೇ ಕುಳಿತು ತಯಾರಿಸಿದರು. ಫಲಾನುಭವಿಗಳು ತಮ್ಮ ಪಾಲಿನ ವಂತಿಗೆ ಕೊಡಬೇಕಾಗಿತ್ತು. ಕೆಲಸದ ಪರಿಣಾಮವನ್ನು ಹೊರಗಿನ ತಾಂತ್ರಿಕ ಸಂಸ್ಥೆಯೊಂದು ಉಪಗ್ರಹ ಚಿತ್ರಗಳ ಸಹಾಯದಿಂದಲೂ ಅಳೆಯಿತು. ಜನರ ಯೋಜನೆ, ಜನರ ಪಾಲು, ಅಳತೆಯ ದಾಖಲೆ: ಈ ಮೂರನ್ನೇ ಇಂದಿನ ಹವಾಮಾನ ನಿಧಿಗಳೂ ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ.

ಹಣ ಎಲ್ಲಿಂದ ಬರುತ್ತದೆ?

1. ನಬಾರ್ಡ್ ಜಲಾನಯನ ಅಭಿವೃದ್ಧಿ ನಿಧಿ: 1999–2000ರಲ್ಲಿ ಸ್ಥಾಪಿತವಾದ ಈ ನಿಧಿ ಒಣಬೇಸಾಯದ ಊರುಗಳಿಗೆ ಹೆಚ್ಚು ಹೊಂದುತ್ತದೆ. ಅನುಭವವುಳ್ಳ ಸ್ವಯಂಸೇವಾ ಸಂಸ್ಥೆ ಮತ್ತು ಗ್ರಾಮ ಜಲಾನಯನ ಸಮಿತಿ ಕೂಡಿ ಕೆಲಸ ಮಾಡಬೇಕು. ಮೊದಲು ಸುಮಾರು 100 ಹೆಕ್ಟೇರಿನಲ್ಲಿ ಕೆಲಸ ಮಾಡಿ ತೋರಿಸಿದ ಮೇಲೆ ಉಳಿದ ಪ್ರದೇಶಕ್ಕೆ ಪೂರ್ಣ ಮಂಜೂರಾತಿ. ಸಾಮಾನ್ಯ ಕೂಲಿ ವೆಚ್ಚದಲ್ಲಿ ಶೇಕಡ 16ರಷ್ಟನ್ನು ಊರವರು ಶ್ರಮದಾನವಾಗಿ ಕೊಡುವುದು ಇದರ ಮುಖ್ಯ ನಿಯಮ. ಕೂಲಿ ಬಾಬ್ತು 5 ಲಕ್ಷ ರೂಪಾಯಿ ಆದರೆ ಊರಿನ ಪಾಲು 80 ಸಾವಿರ. ವಿವರಗಳಿಗೆ ನಬಾರ್ಡಿನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ಕಾಣಬೇಕು.

2. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ (ಸಿ.ಎಸ್.ಆರ್.): 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ತಾವು ಕೆಲಸ ನಡೆಸುವ ಸ್ಥಳದ ಸುತ್ತಿಗೆ ಆದ್ಯತೆ ಕೊಡಬೇಕೆಂದೂ ಕಾಯಿದೆ ಹೇಳುತ್ತದೆ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಕಂಪನಿಗಳಿವೆ. ಅವುಗಳಲ್ಲಿ ಈ ಕಾಯಿದೆಗೆ ಒಳಪಟ್ಟವು ಯಾವುವೆಂದು ವಿಚಾರಿಸಿ ನೇರವಾಗಿ ಬರೆಯಬಹುದು. 2021ರ ಏಪ್ರಿಲ್‌ನಿಂದ ಈ ಹಣ ಪಡೆಯುವ ಸಂಸ್ಥೆಗಳು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಂಡಿರಬೇಕು.

3. ವಿದೇಶಿ ಮೂಲದ ನಿಧಿಗಳು: ವಿದೇಶಿ ದಾನಿ ಸಂಸ್ಥೆಗಳ ಹಣ ಪಡೆಯಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಕಡ್ಡಾಯ. ಸಾಮಾನ್ಯವಾಗಿ ಮೂರು ವರ್ಷ ಹಳೆಯದಾದ, ಆ ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ತನ್ನ ಉದ್ದೇಶಕ್ಕೆ ವೆಚ್ಚ ಮಾಡಿದ ಸಂಸ್ಥೆಗೆ ಮಾತ್ರ ಇದು ದೊರೆಯುತ್ತದೆ. 2020ರ ತಿದ್ದುಪಡಿಯ ನಂತರ ಹೀಗೆ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವಂತಿಲ್ಲ. ಆಡಳಿತ ವೆಚ್ಚ ಶೇಕಡ 20 ಮೀರುವಂತಿಲ್ಲ. ಹೊಸ ಸಂಘಗಳು ಮೊದಲು ಸ್ಥಳೀಯ ನಿಧಿಯಿಂದ ಕೆಲಸ ಮಾಡಿ ಹೆಸರು ಗಳಿಸುವುದೇ ಸರಿಯಾದ ದಾರಿ.

4. ರಾಷ್ಟ್ರೀಯ ಹವಾಮಾನ ಹೊಂದಾಣಿಕೆ ನಿಧಿ: 2015ರಲ್ಲಿ ಆರಂಭವಾದ ಈ ನಿಧಿಯ ಹಣ ರಾಜ್ಯ ಸರ್ಕಾರಗಳ ಮೂಲಕ ಬರುತ್ತಿತ್ತು. ಕರ್ನಾಟಕದಲ್ಲಿ ದೇಶಿ ದನ ಮತ್ತು ಕುರಿ ತಳಿಗಳ ಸಂರಕ್ಷಣೆಯ ಯೋಜನೆಗೆ ಇದರಿಂದ ಮಂಜೂರಾತಿ ದೊರೆಯಿತು. 2022ರ ನವೆಂಬರಿನಿಂದ ಇದು ಪ್ರತ್ಯೇಕ ಯೋಜನೆಯಾಗಿ ಮುಂದುವರಿದಿಲ್ಲ. ಆದುದರಿಂದ ‘ಆ ನಿಧಿಯಿಂದ ಮಂಜೂರು ಮಾಡಿಸಿಕೊಡುತ್ತೇವೆ, ಮುಂಗಡ ಕೊಡಿ’ ಎಂದು ಬರುವ ಮಧ್ಯವರ್ತಿಗಳನ್ನು ನಂಬಬಾರದು. ಯಾವ ಅನುದಾನಕ್ಕೇ ಆಗಲಿ, ಮಂಜೂರಾತಿಗೆ ಕಮಿಷನ್ ಕೇಳುವವನು ಮೋಸಗಾರನೆಂದೇ ತಿಳಿಯಬೇಕು.

ಅರ್ಜಿಗೆ ಮುಂಚೆ ಇರಬೇಕಾದ ಕಾಗದಪತ್ರಗಳು

(ಅ) 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿ. ಕನಿಷ್ಠ ಏಳು ಜನ ಸದಸ್ಯರಿರಬೇಕು. ನೋಂದಾಯಿತ ಟ್ರಸ್ಟ್ ಆದರೂ ನಡೆಯುತ್ತದೆ.

(ಆ) ಸಂಘದ ಹೆಸರಿನ ಪ್ಯಾನ್ ಕಾರ್ಡು ಮತ್ತು ಬ್ಯಾಂಕ್ ಖಾತೆ. ಖಾತೆಯನ್ನು ಇಬ್ಬರ ಜಂಟಿ ಸಹಿಯಿಂದ ನಡೆಸಬೇಕು.

(ಇ) ಆದಾಯ ತೆರಿಗೆ ಇಲಾಖೆಯಲ್ಲಿ ಲಾಭರಹಿತ ಸಂಸ್ಥೆಯೆಂಬ ನೋಂದಣಿ. ದಾನಿಗಳು ಇದನ್ನು ‘12–ಎ, 80–ಜಿ’ ಎಂದು ರೂಢಿಯಲ್ಲಿ ಕೇಳುತ್ತಾರೆ. ಇದಕ್ಕೆ ಅವಧಿಯಿದೆ, ಸಕಾಲದಲ್ಲಿ ನವೀಕರಿಸಬೇಕು.

(ಈ) ನೀತಿ ಆಯೋಗದ ದರ್ಪಣ್ ಪಟ್ಟಿಯಲ್ಲಿ ಪಡೆದ ಸಂಖ್ಯೆ.

(ಉ) ಲೆಕ್ಕಪರಿಶೋಧಕರು ಸಹಿ ಮಾಡಿದ ಮೂರು ವರ್ಷಗಳ ಲೆಕ್ಕ ಮತ್ತು ಸಭಾ ನಡವಳಿ ಪುಸ್ತಕ.

ರೈತ ಉತ್ಪಾದಕ ಕಂಪನಿ ಇವುಗಳಿಗಿಂತ ಬೇರೆ. ಅದು ಸದಸ್ಯರಿಗೆ ಲಾಭ ಹಂಚುವ ವ್ಯಾಪಾರ ಸಂಸ್ಥೆಯಾದುದರಿಂದ ಅದರ ಹೆಸರಿನಲ್ಲಿ ದಾನ ನಿಧಿಗಳಿಗೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ಇಷ್ಟೆಲ್ಲ ಕಾಗದಗಳಿಲ್ಲದ ಹೊಸ ಸಂಘದವರು ಜಿಲ್ಲೆಯಲ್ಲಿ ಒಳ್ಳೆಯ ಹೆಸರಿರುವ ಸ್ವಯಂಸೇವಾ ಸಂಸ್ಥೆಯೊಡನೆ ಸೇರಿ, ಯಾರ ಹೊಣೆ ಏನೆಂಬುದನ್ನು ಬರೆದುಕೊಂಡು ಮುಂದುವರಿಯುವುದು ಲೇಸು.

ಅರ್ಜಿ ಉತ್ತರಿಸಬೇಕಾದ ಐದು ಪ್ರಶ್ನೆಗಳು

ಅರ್ಜಿಯ ನಮೂನೆ ಒಂದೊಂದು ನಿಧಿಗೆ ಒಂದೊಂದು ರೀತಿ. ಆದರೆ ಒಳಗೆ ಕೇಳುವುದು ಐದೇ ಪ್ರಶ್ನೆ.

1. ತೊಂದರೆ ಏನು? ‘ನಮ್ಮದು ಬರದ ನಾಡು, ಮಳೆ ಇಲ್ಲ’ ಎಂದು ಬರೆದರೆ ಸಾಲದು. ಬರ ಇಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದಲೂ ಇದೆ. ಹವಾಮಾನ ನಿಧಿ ಕೇಳುವುದು ಏನು ಬದಲಾಗಿದೆ ಎಂಬುದನ್ನು. ಶೇಂಗಾ ಹೂ ಬಿಟ್ಟ ಮೇಲೆ ಸೂಜಿ ನೆಲಕ್ಕಿಳಿದು ಕಾಯಿ ಕಟ್ಟಿ ಬಲಿಯುವ ಕಾಲ, ಅಂದರೆ ಬಿತ್ತಿದ ಸುಮಾರು 40ನೆಯ ದಿನದಿಂದ 90ನೆಯ ದಿನದವರೆಗಿನ ಅವಧಿ, ಬೆಳೆಯ ಹಣೆಬರಹವನ್ನು ನಿರ್ಧರಿಸುತ್ತದೆ. ಈ ಅವಧಿಯಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಲ ಎರಡು ವಾರಕ್ಕೂ ಮೀರಿ ಮಳೆ ನಿಂತಿತು, ಎಷ್ಟು ಸಲ ಒಂದೇ ದಿನ ಜೋರು ಮಳೆ ಬಿದ್ದು ಮಣ್ಣು ಕೊಚ್ಚಿಹೋಯಿತು ಎಂಬುದನ್ನು ವರ್ಷವಾರು ಪಟ್ಟಿ ಮಾಡಬೇಕು. ಮಳೆಯ ಅಂಕಿಗಳನ್ನು ತಾಲ್ಲೂಕಿನ ಮಳೆಮಾಪನ ದಾಖಲೆಯಿಂದಲೂ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದಲೂ ಪಡೆಯಬಹುದು. ಪಟ್ಟಿಯಲ್ಲಿ ಬದಲಾವಣೆ ಕಾಣದಿದ್ದರೆ ಕಾಣುವುದಿಲ್ಲವೆಂದೇ ಬರೆಯಬೇಕು. ಆಗ ಅದು ಬರ ನಿರೋಧಕ ಕೆಲಸವಾಗುತ್ತದೆ, ಅದಕ್ಕೂ ಹಣವಿದೆ. ಇಲ್ಲದ್ದನ್ನು ಇದೆಯೆಂದು ತೋರಿಸಬಾರದು.

2. ಕೆಲಸ ಯಾರ ಭೂಮಿಯಲ್ಲಿ? ಸರ್ವೆ ನಂಬರು, ವಿಸ್ತೀರ್ಣ, ಒಡೆಯರ ಒಪ್ಪಿಗೆ ಸಹಿ ಬೇಕು. ಗೋಮಾಳ ಅಥವಾ ಕೆರೆಯಂಗಳವಾದರೆ ಗ್ರಾಮ ಪಂಚಾಯಿತಿಯ ನಿರ್ಣಯ ಮತ್ತು ಸಂಬಂಧಿಸಿದ ಇಲಾಖೆಯ ಲಿಖಿತ ಅನುಮತಿ ಇರಬೇಕು. ಇದು ನಮ್ಮ ತಾಲ್ಲೂಕಿಗೆ ಬಹಳ ಮುಖ್ಯ. ಕುದಾಪುರ ಸುತ್ತಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾದ ಮೇಲೆ, ಅಲ್ಲಿ ದನ ಕುರಿ ಮೇಯಿಸುತ್ತಿದ್ದವರ ತೊಂದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ತಲೆಮಾರಿನಿಂದ ಬಳಸುತ್ತಿದ್ದೇವೆ ಎಂಬ ಮಾತು ಒಂದು, ದಾಖಲೆಯಲ್ಲಿ ಯಾರ ಹೆಸರಿದೆ ಎಂಬುದು ಇನ್ನೊಂದು. ಅನುದಾನ ಕೊಡುವವರು ಎರಡನೆಯದನ್ನು ನೋಡುತ್ತಾರೆ.

3. ಯಾರಿಗೆ ಲಾಭ, ಯಾರಿಗೆ ನಷ್ಟ? ಈ ಪ್ರಶ್ನೆಯಲ್ಲಿ ಈ ಲೇಖಕನೇ ಒಮ್ಮೆ ಎಡವಿದ್ದುಂಟು. ಸಂಘವೊಂದರ ಅರ್ಜಿಗೆ ನೆರವಾಗುವಾಗ, ಊರಿನ ಗೋಮಾಳಕ್ಕೆ ಐದು ವರ್ಷ ಬೇಲಿ ಹಾಕಿ ಹುಲ್ಲು ಮತ್ತು ಮರ ಬೆಳೆಸುವುದೆಂದು ಬರೆದೆವು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಗ್ರಾಮ ಸಭೆಯಲ್ಲಿ ಓದಿದಾಗ ಹಿಂದೆ ನಿಂತಿದ್ದ ಕುರಿಗಾರರೊಬ್ಬರು, ‘ಐದು ವರ್ಷ ನಮ್ ಕುರಿ ಗಾಳಿ ಕುಡ್ಕೊಂಡ್ ಬದುಕ್ತಾವಾ ಸ್ವಾಮಿ?’ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಜಿಯನ್ನು ಹಿಂದಕ್ಕೆ ಪಡೆದು, ಗೋಮಾಳವನ್ನು ಮೂರು ಭಾಗ ಮಾಡಿ, ಒಂದು ಭಾಗಕ್ಕೆ ಮಾತ್ರ ಸರದಿಯ ಮೇಲೆ ಮೇಯಿಸುವುದನ್ನು ನಿಲ್ಲಿಸುವುದು, ಉಳಿದೆರಡನ್ನು ತೆರೆದಿಡುವುದು, ಬದುಗಳ ಮೇಲೆ ಸ್ಟೈಲೋ ಬೀಜ ಬಿತ್ತಿ ಕೊಯ್ದ ಮೇವಿನಲ್ಲಿ ಕುರಿಗಾರರಿಗೂ ಪಾಲು ಕೊಡುವುದು ಎಂದು ತಿದ್ದಬೇಕಾಯಿತು.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕುರಿಹಟ್ಟಿಗಳಿವೆ. ಮ್ಯಾಸನಾಯಕರ ಹಟ್ಟಿಗಳ ದೇವರ ಎತ್ತುಗಳಿವೆ, ಅವನ್ನು ಕಾಯುವ ಕಿಲಾರಿಗಳಿದ್ದಾರೆ. ಇವರಿಗೆ ಪಹಣಿಯಲ್ಲಿ ಹೆಸರಿಲ್ಲದಿರಬಹುದು, ಆದರೆ ಬಯಲಿನ ಮೇಲೆ ಇವರ ಬದುಕಿದೆ. ಕೂಲಿಕಾರರನ್ನೂ ಹೆಣ್ಣುಮಕ್ಕಳನ್ನೂ ಮರೆಯಬಾರದು. ಅವರ ಮಾತು ಕೇಳಿದ ಸಭೆಯ ನಡವಳಿಯನ್ನು ಅರ್ಜಿಯ ಜೊತೆ ಇಟ್ಟರೆ ಅದಕ್ಕಿಂತ ಬಲವಾದ ದಾಖಲೆ ಬೇರೆ ಬೇಕಿಲ್ಲ.

4. ಎಷ್ಟು ಕೆಲಸ, ಎಷ್ಟು ಫಲ? ಇದಕ್ಕೆ ಲೆಕ್ಕವೇ ಉತ್ತರ. ಮುಂದೆ ಒಂದು ಮಾದರಿ ಕೊಟ್ಟಿದೆ.

5. ಹಣ ನಿಂತ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಮೂರು ವರ್ಷದ ಅನುದಾನಕ್ಕೆ ಹತ್ತು ವರ್ಷದ ಉತ್ತರ ಬೇಕು. ಹೂಳು ಯಾರು ತೆಗೆಯುತ್ತಾರೆ? ಒಡೆದ ಬದು ಯಾರು ಕಟ್ಟುತ್ತಾರೆ? ಶ್ರಮದಾನದ ಹಣದಲ್ಲಿ ಒಂದು ಭಾಗವನ್ನು ನಿರ್ವಹಣಾ ನಿಧಿಯೆಂದು ಬೇರೆ ಖಾತೆಯಲ್ಲಿಟ್ಟು, ಹೊಂಡದ ನೀರು ಬಳಸುವವರಿಂದ ಸುಗ್ಗಿಯಲ್ಲಿ ಇಂತಿಷ್ಟು ಎಂದು ಸಂಗ್ರಹಿಸುವ ನಿರ್ಣಯ ಮಾಡಬೇಕು.

ಒಂದು ಮಾದರಿ ಲೆಕ್ಕ

ಇದು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ಪ್ರತಿ ಸಂಘ ತನ್ನ ಊರಿನ ಅಳತೆಗಳನ್ನು ಹಾಕಿಕೊಳ್ಳಬೇಕು.

ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಘನ ಮೀಟರ್, ಅಂದರೆ 10,000 ಲೀಟರ್ ನೀರು. 100 ಹೆಕ್ಟೇರಿಗೆ 450 ಮಿಲಿಮೀಟರ್ ಮಳೆಯಾದರೆ 4,50,000 ಘನ ಮೀಟರ್. ಇದರಲ್ಲಿ ಹತ್ತರಲ್ಲೊಂದು ಭಾಗ ಹರಿದು ಹೋಗುತ್ತದೆಂದು ಹಿಡಿದರೆ 45,000 ಘನ ಮೀಟರ್.

ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, 3 ಮೀಟರ್ ಆಳದ ಕೃಷಿ ಹೊಂಡ ಒಂದು ಸಲ ತುಂಬಿದರೆ 252 ಘನ ಮೀಟರ್ ನೀರು ಹಿಡಿಯುತ್ತದೆ. ಆವಿಯಾಗಿ, ಇಂಗಿ ಮೂರನೆಯ ಒಂದು ಭಾಗ ಹೋದರೆ ಉಳಿಯುವುದು 168 ಘನ ಮೀಟರ್. ತಳಕ್ಕೆ ಹಾಳೆ ಹಾಸದ ಕೆಂಪು ಭೂಮಿಯಲ್ಲಿ ನಷ್ಟ ಇನ್ನೂ ಹೆಚ್ಚು. ಕಾಯಿ ಕಟ್ಟುವ ಹೊತ್ತಿಗೆ ಒಂದು ಹೆಕ್ಟೇರಿಗೆ 30 ಮಿಲಿಮೀಟರ್ ಆಪತ್ಕಾಲದ ನೀರು ಕೊಡಲು 300 ಘನ ಮೀಟರ್ ಬೇಕು. ಆದುದರಿಂದ ಒಂದು ಹೊಂಡದಿಂದ ಉಳಿಯುವುದು ಅರ್ಧ ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 1 ಎಕರೆ 15 ಗುಂಟೆ ಬೆಳೆ. ಇಪ್ಪತ್ತು ಹೊಂಡಗಳಿಂದ ಒಂದು ಭರ್ತಿಗೆ ಸುಮಾರು 11 ಹೆಕ್ಟೇರ್.

ಈಗ ಕಂದಕ ಬದುಗಳನ್ನು ನೋಡೋಣ. 60 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಆಳದ ಕಂದಕ ಹೆಕ್ಟೇರಿಗೆ 100 ಮೀಟರ್ ಉದ್ದ ತೆಗೆದರೆ ಒಂದು ಸಲಕ್ಕೆ 30 ಘನ ಮೀಟರ್ ನೀರು ನಿಲ್ಲುತ್ತದೆ. 100 ಹೆಕ್ಟೇರಿಗೆ 3,000. ಹಂಗಾಮಿನಲ್ಲಿ ಐದು ಸಲ ತುಂಬಿದರೆ 15,000 ಘನ ಮೀಟರ್ ನೀರು ಎಲ್ಲರ ಹೊಲದಲ್ಲೂ ಇಂಗುತ್ತದೆ.

ಈ ಲೆಕ್ಕದಿಂದ ಎರಡು ಸಂಗತಿ ತಿಳಿಯುತ್ತದೆ. ‘ಇಪ್ಪತ್ತು ಹೊಂಡಗಳಿಂದ 100 ಹೆಕ್ಟೇರಿಗೆ ನೀರು’ ಎಂದು ಅರ್ಜಿಯಲ್ಲಿ ಬರೆದರೆ ಅದು ಸುಳ್ಳು, ಪರಿಶೀಲಿಸುವವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡನೆಯದಾಗಿ, ಹೊಂಡದ ಲಾಭ ಕೆಲವರಿಗೆ, ಬದುವಿನ ಲಾಭ ಎಲ್ಲರಿಗೆ. ಆದುದರಿಂದ ಮೊದಲ ವರ್ಷದ ಹಣ ಬದುವಿಗೆ, ನಂತರದ್ದು ಹೊಂಡಕ್ಕೆ ಎಂದು ಬರೆದರೆ ಊರಿನಲ್ಲಿ ಜಗಳವೂ ಕಡಿಮೆ.

ಸಾಮಾನ್ಯವಾಗಿ ಕಾಣುವ ತಪ್ಪುಗಳು

- ‘ಹತ್ತು ಸಾವಿರ ಸಸಿ ನೆಡುತ್ತೇವೆ’ ಎಂದು ಬರೆದು, ಮಾರ್ಚಿನಿಂದ ಮೇವರೆಗೆ ಅವಕ್ಕೆ ನೀರು ಹಾಕುವವರು ಯಾರೆಂದು ಬರೆಯದಿರುವುದು. ಬೇವು, ಹೊಂಗೆ, ಹುಣಸೆ, ಸೀತಾಫಲದ ಸಾವಿರ ಸಸಿ ನೆಟ್ಟು ಎರಡನೆಯ ಬೇಸಿಗೆಯ ನಂತರ ಉಳಿದವನ್ನು ಎಣಿಸಿ ತೋರಿಸುವುದು ಹೆಚ್ಚು ಬೆಲೆಯುಳ್ಳ ಕೆಲಸ.
- ಪಂಚಾಯಿತಿ ಅಥವಾ ಇಲಾಖೆಯ ಹಣದಲ್ಲಿ ಆಗಲೇ ಆಗಿರುವ ಬದುವಿಗೆ ಮತ್ತೆ ಹಣ ಕೇಳುವುದು. ಇದು ಅಪರಾಧ. ಆಗಿರುವ ಕಾಮಗಾರಿಗಳ ಪಟ್ಟಿಯನ್ನು ಪಂಚಾಯಿತಿಯಿಂದ ಪಡೆದು ನಕ್ಷೆಯಲ್ಲಿ ಗುರುತಿಸಬೇಕು.
- ಬೇರೆ ಜಿಲ್ಲೆಯ ಅರ್ಜಿಯನ್ನು ನಕಲು ಮಾಡುವುದು. ಶೇಂಗಾ ಸೀಮೆಯ ಅರ್ಜಿಯಲ್ಲಿ ಭತ್ತದ ಗದ್ದೆಯ ಮಾತು ಬಂದರೆ ಅಲ್ಲಿಗೆ ಮುಗಿಯಿತು.
- ಕೆಲಸಕ್ಕೆ ಮುಂಚಿನ ಅಳತೆ ಇಲ್ಲದಿರುವುದು. ಊರಿನ ಹತ್ತು ಬಾವಿ, ಕೊಳವೆಬಾವಿಗಳ ನೀರಿನ ಮಟ್ಟ, ಹತ್ತು ಹೊಲಗಳ ಶೇಂಗಾ ಇಳುವರಿಯನ್ನು ಈ ವರ್ಷದಿಂದಲೇ ಬರೆದಿಡಬೇಕು. ಇದಕ್ಕೆ ಯಾರ ಹಣವೂ ಬೇಡ, ನೂರು ಪುಟದ ನೋಟ್ ಬುಕ್ಕು ಮತ್ತು ಅಳತೆಯ ಹಗ್ಗ ಸಾಕು.

ಕೊನೆಯ ಮಾತು

ಅನುದಾನ ಸಿಗುವವರೆಗೆ ಕಾಯುತ್ತ ಕುಳಿತ ಸಂಘಕ್ಕಿಂತ, ಸಿಗದಿದ್ದರೂ ಒಂದು ಹೊಲದ ಬದುವನ್ನಾದರೂ ಕೂಡಿ ಕಟ್ಟಿದ ಸಂಘಕ್ಕೆ ಹಣ ಬೇಗ ಬರುತ್ತದೆ. ಕೊಡುವವರು ಮೊದಲು ಕೇಳುವುದು ‘ಇದುವರೆಗೆ ನೀವೇನು ಮಾಡಿದ್ದೀರಿ?’ ಎಂದೇ. ಈ ಬೇಸಿಗೆಯಲ್ಲಿ ಸಂಘದ ಸಭೆ ಸೇರಿಸಿ, ಊರಿನ ನಕ್ಷೆಯನ್ನು ನೆಲದ ಮೇಲೆ ಬರೆದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಎಲ್ಲರೂ ಗುರುತಿಸಬೇಕು. ಹಿರಿಯರು, ಕುರಿಗಾರರು, ಹೆಣ್ಣುಮಕ್ಕಳು ಹೇಳಿದ್ದನ್ನು ಬರೆದುಕೊಳ್ಳಬೇಕು. ಅದೇ ಅರ್ಜಿಯ ಮೊದಲ ಪುಟ. ಬದು, ಹೊಂಡಗಳ ಅಳತೆ, ಮೇವಿನ ಬೆಳೆ ಮತ್ತು ಅಂತರ ಬೆಳೆಗಳ ಆಯ್ಕೆ ಮುಂತಾದ ತಾಂತ್ರಿಕ ವಿಷಯಗಳಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನು ರೈತ ಬಾಂಧವರು ಸಂಪರ್ಕಿಸಿ ಪ್ರಯೋಜನ ಪಡೆಯಬಹುದು.